ಮುಂಗುಸಿ ಒತ್ತಿದ ‘ಸರಿ’

ಹುಲ್ಲು ಆಳೆತ್ತರ ಬೆಳೆಯುವ ಒಂದು ಕಾಡಿನಲ್ಲಿ ಗೂಡುಗಳಿಗೆಂದೇ ಒಂದು ವೆಬ್‌ಸೈಟ್ ಇತ್ತು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ತಮ್ಮ ಗೂಡಿನ ಜಾಗವನ್ನು ಅದರಲ್ಲಿ ಗುಟ್ಟಾಗಿ ಬರೆಸುತ್ತಿದ್ದವು. ಆನೆಗಳು ಆ ಕಡೆ ಕಾಲಿಡದಂತೆ ನೋಡಿಕೊಳ್ಳಲು ಒಬ್ಬ ಕಾವಲುಗಾರನಿದ್ದ. ಯಾರು ಗೊತ್ತೇ? ಮುಂಗುಸಿ! ಮೊದಮೊದಲು ಎಲ್ಲರೂ ನಕ್ಕಿದ್ದರು. ಆದರೆ ಮುಂಗುಸಿ ಮೂರು ವರ್ಷ ಒಂದು ಮೊಟ್ಟೆಯನ್ನೂ ಮುಟ್ಟದೆ ಎಲ್ಲರ ನಂಬಿಕೆ ಗಳಿಸಿತ್ತು.

ಸೈಟಿನಲ್ಲಿ ಕಳ್ಳರು ನುಗ್ಗುವಂಥ ಬಿರುಕುಗಳಿವೆಯೇ ಎಂದು ಪರೀಕ್ಷಿಸುವುದೂ ಅದರದೇ ಕೆಲಸ. “ಪರೀಕ್ಷೆಗೆ ಒಂದು ಬ್ರೌಸರ್, ಗೂಡಿನ ಪಟ್ಟಿಗೆ ಇನ್ನೊಂದು. ಎರಡನ್ನೂ ಬೆರೆಸಬೇಡ ಮಗಾ” ಎಂದು ಮುದಿ ಆಮೆ ಹೇಳಿಕೊಟ್ಟಿತ್ತು.

ಒಂದು ದಿನ ನರಿ ಬಂತು. “ಮುಂಗುಸಿಯಣ್ಣಾ, ಒಂದೊಂದೇ ಪುಟ ತಡಕುತ್ತಾ ಕೂತರೆ ಮುಗಿಯೋದು ಯಾವಾಗ? ನನ್ನ ಎಕ್ಸ್‌ಟೆನ್ಷನ್ ಸೇರಿಸಿಕೋ. ಬ್ರೌಸರಿನ ಮೂಲೆಯಲ್ಲಿ ಕೂತು ತಾನೇ ಬಿರುಕು ಹುಡುಕುತ್ತೆ.”

‘ನೀವು ತೆರೆಯುವ ಎಲ್ಲ ಪುಟಗಳನ್ನೂ ಇದು ಓದಬಹುದೇ?’ ಎಂದು ಪರದೆ ಕೇಳಿತು. ಮುಂಗುಸಿ ಆ ಸಾಲನ್ನು ಓದಲೇ ಇಲ್ಲ. ‘ಸರಿ’ ಒತ್ತಿತು.

ಎಕ್ಸ್‌ಟೆನ್ಷನ್ ನಿಜಕ್ಕೂ ಮೂರು ಬಿರುಕು ಹುಡುಕಿಕೊಟ್ಟಿತು. ಮುಂಗುಸಿ ಉಬ್ಬಿಹೋಯಿತು. ಬ್ರೌಸರ್ ಬದಲಿಸಲು ಸೋಮಾರಿತನವಾಗಿ ಅಲ್ಲೇ ಗೂಡಿನ ಪಟ್ಟಿಯನ್ನೂ ತೆರೆದು, ‘ಗೌಜಲಹಕ್ಕಿ, ಲಂಟಾನ ಪೊದೆಯ ಕೆಳಗೆ, ಐದು ಮೊಟ್ಟೆ’ ಎಂದು ಬರೆಯಿತು.

ಮರುದಿನ ಗೂಡು ಬರಿದಾಗಿತ್ತು. ಗೌಜಲಹಕ್ಕಿಯ ಅಳು ಕೇಳಿ ಕಾಡೆಲ್ಲ ಸೇರಿತು.

“ಜಾಗ ಗೊತ್ತಿದ್ದದ್ದು ಯಾರಿಗೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರಪ್ಪಾ?” ಎಂದಿತು ನರಿ.

ಆಗ ಮುಂಗುಸಿಗೆ ಎಲ್ಲ ಹೊಳೆಯಿತು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ತನಗೇನೂ ಗೊತ್ತಿಲ್ಲ ಎಂದುಬಿಡಬಹುದಿತ್ತು. ಹಾಗೆನ್ನದೆ ಆಮೆಯನ್ನು ಪಕ್ಕಕ್ಕೆ ಕರೆದು, “ಅಜ್ಜಾ, ಮೊಟ್ಟೆ ತಿಂದವನು ನಾನಲ್ಲ. ಬಾಗಿಲು ತೆರೆದುಕೊಟ್ಟವನು ಮಾತ್ರ ನಾನೇ. ನಾನು ಬರೆದದ್ದನ್ನೆಲ್ಲ ನರಿಯ ಎಕ್ಸ್‌ಟೆನ್ಷನ್ ಓದಿ ಅವನಿಗೆ ಮುಟ್ಟಿಸಿದೆ” ಎಂದಿತು.

“ಹಾಗಾದರೆ ಅದನ್ನು ಈಗಲೇ ತೆಗೆಯಬೇಡ. ಇನ್ನೊಂದು ಸಾಲು ಬರೆ” ಎಂದಿತು ಆಮೆ.

ಮುಂಗುಸಿ ಬರೆಯಿತು: ‘ನವಿಲು, ಹುತ್ತದ ಹಿಂದಿನ ಬಿಲ, ಎಂಟು ಮೊಟ್ಟೆ.’

ಆ ಬಿಲದಲ್ಲಿ ಇದ್ದದ್ದು ಮುಳ್ಳುಹಂದಿ! ಮಧ್ಯಾಹ್ನದೊಳಗೆ ನರಿ ಅಲ್ಲಿ ಮೂತಿ ತೂರಿಸಿತು. ಮೂತಿ ತುಂಬ ಮುಳ್ಳು ಚುಚ್ಚಿಸಿಕೊಂಡು, ಎಲ್ಲರ ಕಣ್ಣೆದುರೇ ಊಳಿಡುತ್ತಾ ಕಾಡು ಬಿಟ್ಟು ಓಡಿತು.

ಆಮೆ ನಡೆದದ್ದನ್ನೆಲ್ಲ ಹೇಳಿದಾಗ ಎಲ್ಲರೂ ನಕ್ಕರು. ಮುಂಗುಸಿ ನಗಲಿಲ್ಲ. ಎಕ್ಸ್‌ಟೆನ್ಷನ್ ಅಳಿಸಿಹಾಕಿ, ಗೌಜಲಹಕ್ಕಿಯ ಮುಂದೆ ಹೋಗಿ ತಲೆ ತಗ್ಗಿಸಿ ನಿಂತಿತು.

“ತಪ್ಪಾಯಿತಕ್ಕಾ.”

“ಕಳ್ಳ ಸಿಕ್ಕಿದ, ಸರಿ. ನನ್ನ ಐದು ಮರಿಗಳು?” ಎಂದಿತು ಹಕ್ಕಿ.



ನೀತಿ: ಕೆಲಸ ಹಗುರವಾಗುತ್ತದೆಂದು ಗುರುತಿಲ್ಲದ ಸಾಧನವನ್ನು ಒಳಗೆ ಬಿಟ್ಟುಕೊಳ್ಳುವ ಮುನ್ನ ಅದು ಏನೇನು ನೋಡಲು ಅನುಮತಿ ಕೇಳುತ್ತಿದೆ ಎಂದು ಓದಬೇಕು, ಇನ್ನೊಬ್ಬರ ಗುಟ್ಟು ಕಾಯುವವರಂತೂ ಎರಡು ಸಲ ಓದಬೇಕು.