ಮಂಕು ಹರಳು ಮತ್ತು ಗುಡ್ಡದ ಕೆಂಚ

“ಕೇಳ್ರಪ್ಪೋ ಕೇಳಿ! ರಾಜಕುಮಾರಿ ನೀಲಾಂಜನೆಯ ಹೊಟ್ಟೆಯಲ್ಲಿ ಗಂಟಿದೆ. ಬೆಳಕಿನ ಮದ್ದು ಕುಡಿಸಿದರೆ ಅದು ಗಂಟಿನಲ್ಲಿ ಕೂತು ಕಾಣದ ಕಿರಣ ಬಿಡುತ್ತದೆ. ಅರಮನೆಯ ಕರಿಹರಳು ಆ ಕಿರಣ ಹಿಡಿದು ಗಂಟಿನ ಜಾಗ ತೋರಬೇಕು, ಆದರೆ ಹರಳು ಮಂಕಾಗಿದೆ. ಹರಳಿನ ದೋಷಗಳನ್ನೇ ರಾಜವೈದ್ಯೆ ಮೂರು ಒಗಟು ಮಾಡಿದ್ದಾಳೆ, ಅವನ್ನು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನ ತಲೆ ಹೋಗುತ್ತದೆ!”

ಡಂಗುರ ಹಿಮಗುಡ್ಡದ ಕಣಿವೆಗೂ ಕೇಳಿಸಿತು. ಅಲ್ಲಿ ದಾರಿಹೋಕರಿಗೆ ದೀಪ ಹಚ್ಚಿಡುವ ಕೆಂಚ, ತಾಯಿ ಸತ್ತ ಮೇಲೆ ಹನ್ನೊಂದು ವರ್ಷ ಒಬ್ಬನೇ ಇದ್ದ. ತಲೆ ಹೋದರೂ ಅಳುವವರಿಲ್ಲ, ಹೋಗಿ ನೋಡೋಣ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ಸಂಕಟವಾಯಿತು.

ಆಸ್ಥಾನದಲ್ಲಿ ರಾಜವೈದ್ಯೆ ಕೇಳಿದಳು: “ಕತ್ತಲ ಕೋಣೆ. ಮದ್ದಿಲ್ಲ, ಕಿರಣವಿಲ್ಲ. ಆದರೂ ಹರಳು ಗುಂಯ್‌ಗುಡುತ್ತದೆ. ಒಳಗಿರುವವರು ಯಾರು?”

“ಭೂತ!” ಎಂದ ಪಟ್ಟೆಯುಟ್ಟ ರಾಜಕುಮಾರನೊಬ್ಬ. ಭಟರು ಅವನನ್ನು ಎಳೆದೊಯ್ದರು.

ಕೆಂಚ ಕೈಮುಗಿದ. “ಯಾರೂ ಇಲ್ಲ ತಾಯಿ. ಒಬ್ನೇ ಇದ್ರೆ ನಂಗೂ ನನ್ ಎದೆ ಸದ್ದೇ ಕೇಳ್ತದೆ. ಕಲ್ಲಿಗೆ ಅದರ ಮೈಕಾವೇ ಸದ್ದು. ಹಿಮದಾಗೆ ಹೂತಿಡಿ, ಸುಮ್ಕಾಯ್ತದೆ.”

ವೈದ್ಯೆ ಎರಡನೆಯ ಒಗಟು ಹೇಳಿದಳು: “ನೂರು ಹೊರೆಯಾಳುಗಳು. ಎಲ್ಲರಿಗೂ ಅಳೆದು ಕೊಟ್ಟದ್ದು ಒಂದೇ ತೂಕದ ಉಪ್ಪು. ಹತ್ತಿರದವರು ಪೂರ್ತಿ ತಂದರು, ದೂರದವರು ಕಡಿಮೆ ತಂದರು. ಕಳ್ಳ ಯಾರು?”

“ಕಡೆಗೆ ಬಂದವನು!” ಎಂದರು ಆಸ್ಥಾನದ ಜೋಯಿಸರು. ಭಟರು ಅವರನ್ನೂ ಎಳೆದೊಯ್ದರು. ಸರದಿಯಲ್ಲಿ ಈಗ ಕೆಂಚ ಒಬ್ಬನೇ.

“ಕಳ್ಳರೇ ಇಲ್ಲ. ದಾರಿ ಹಳ್ಳಕೊಳ್ಳದಾಗೆ ಉಪ್ಪು ಚೆಲ್ಲೋಯ್ತದೆ. ಹರಳಿನೊಳಗೂ ಅಂಥ ಹಳ್ಳ ಇರ್ತವೆ, ಕಿರಣದ ಬಲ ಅಲ್ಲಿ ಚೆಲ್ಲೋಯ್ತದೆ. ಎಷ್ಟು ದೂರದಿಂದ ಬಂತು ಅಂತ ನೋಡಿ, ಚೆಲ್ಲಿದ್ದನ್ನ ಲೆಕ್ಕಕ್ಕೆ ಸೇರಿಸ್ಕಳಿ.”

ವೈದ್ಯೆಯ ದನಿ ತಗ್ಗಿತು. “ಒಂದೇ ಮನೆಯಿಂದ ಹೊರಟ ಇಬ್ಬರು ನಿನ್ನ ಬಾಗಿಲಿಗೆ ಬಂದರು. ಒಬ್ಬ ತೋರಿದ ದಿಕ್ಕು ಸರಿ, ಇನ್ನೊಬ್ಬನದು ತಪ್ಪು. ಇಬ್ಬರೂ ಸುಳ್ಳರಲ್ಲ. ಯಾರನ್ನು ನಂಬುವೆ?”

ಕೆಂಚ ಹೊರಗೆ ಹಿಮಗುಡ್ಡದ ಕಡೆ ನೋಡಿದ. ಭಟ ಕತ್ತಿಗೆ ಕೈ ಹಾಕಿದ.

“ಹಿಮ ಸುರಿಯೋವಾಗ ಒಬ್ಬ ಬಂದ,” ಎಂದ ಕೆಂಚ. “ಜೊತೆಗಾರ ಬಿದ್ದವ್ನೆ ಅಂತ ಮೂಡಲಿಗೆ ಕೈ ತೋರ್ದ. ಬಂಡೆಗೆ ಬಡ್ಕಂಡು ಅವನ ಬಲವೂ ಕುಂದಿತ್ತು, ದಿಕ್ಕೂ ತಿರುಗಿತ್ತು. ನಾನು ನಂಬಿ ಅತ್ತ ಹೋದೆ. ಜೊತೆಗಾರ ಪಡುವಲಲ್ಲಿ ಸತ್ತ. ತಾಯಿ, ತುಂಬು ಬಲದಲ್ಲಿ ಬಂದವನನ್ನೇ ನಂಬಿ. ಬಲ ಕುಂದಿದ ಕಿರಣ ಮೈಯೊಳಗೆಲ್ಲೋ ಬಡ್ಕಂಡು ತಿರುಗಿರ್ತದೆ, ಅದನ್ನ ಬಿಡಿ.”

ವೈದ್ಯೆ ಎದ್ದು ನಿಂತಳು. ಹರಳನ್ನು ಹಿಮದಲ್ಲಿಟ್ಟರು, ಗುಂಯ್‌ಗುಟ್ಟುವುದು ನಿಂತಿತು. ದಾರಿಯಲ್ಲಿ ಚೆಲ್ಲಿದ್ದನ್ನು ಸೇರಿಸಿದ ಮೇಲೆ ಒಂದೊಂದು ಕಿರಣದ ಬಲವೂ ಕರಾರುವಾಕ್ಕಾಗಿ ಸಿಕ್ಕಿತು. ಬಲ ಕುಂದಿದ ಕಿರಣಗಳನ್ನು ಕೈಬಿಟ್ಟರು. ಆಗ ಎಡಪಕ್ಕೆಯ ಕೆಳಗೆ ಕಡಲೆಕಾಳಿನಷ್ಟು ಗಂಟು ಸ್ಪಷ್ಟವಾಗಿ ಕಂಡಿತು. ವೈದ್ಯೆ ಅದನ್ನು ಕೊಯ್ದು ತೆಗೆದಳು, ನೀಲಾಂಜನೆ ಬದುಕಿದಳು.

“ಏನು ಬೇಕು ಕೇಳು,” ಎಂದ ರಾಜ.

“ಆ ಇಬ್ಬರ ತಲೆ ಉಳಿಸಿ ಬುದ್ಧಿ. ನಂಗೆ ರಾಜ್ಯ ಬ್ಯಾಡ. ಸಂಜೆ ಹೊತ್ತು ಮಾತಾಡಕ್ಕೆ ಒಬ್ಬರು ಬೇಕು.”

ಸಭೆ ನಕ್ಕಿತು. ವರ್ಷವಿಡೀ ರೋಗಿಯ ಕೋಣೆಯಲ್ಲಿ ತನ್ನ ಉಸಿರನ್ನೇ ಕೇಳುತ್ತ ಮಲಗಿದ್ದ ನೀಲಾಂಜನೆ ನಗಲಿಲ್ಲ. “ಅಪ್ಪಾಜಿ, ನಾನು ಹೋಗ್ತೀನಿ,” ಎಂದಳು.

ಹಿಮಗುಡ್ಡದಲ್ಲಿ ದೀಪ ಈಗಲೂ ಉರಿಯುತ್ತದಂತೆ. ಸಂಜೆಯ ಇಬ್ಬರ ಮಾತಿನ ನಡುವೆ ಕೆಂಚನಿಗೆ ಈಗ ತನ್ನ ಎದೆಯ ಸದ್ದು ಕೇಳಿಸುವುದಿಲ್ಲ.