ಸೋತವನ ಕೈಗೆ ಚೆಂಡು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಗುರುಗಳಾದ ಮುರಿಗೆಜ್ಜನವರಿಗೆ ಆ ಆಟ ಇಷ್ಟ, ಅಷ್ಟೇ.

ಶಿಷ್ಯ ಚನ್ನವೀರ ಚೆಂಡು ಎಸೆಯುವವನು. ಬ್ಯಾಟು ಬೀಸುವವನ ಹಿಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವವನು ಬಸವಂತ.

ಚನ್ನವೀರನಿಗೆ ಆ ಆಟದ ವಿಶ್ವದಾಖಲೆಗಳು ಬಾಯಿಪಾಠ. ಒಬ್ಬ ಒಂದನ್ನೂ ತಪ್ಪಿಸದೆ ಸತತ ಎರಡು ಸಾವಿರದ ಆರುನೂರ ಮೂವತ್ತೆರಡು ಪಂದ್ಯ ಆಡಿದ್ದು. ಒಂಬತ್ತು ಇನಿಂಗ್ಸಿಗೆ ಮುಗಿಯಬೇಕಾದ ಒಂದು ಪಂದ್ಯ ಮೂವತ್ತಮೂರು ಇನಿಂಗ್ಸ್ ಎಳೆದದ್ದು. ಊಟದ ಪಂಕ್ತಿಯಲ್ಲೂ ಹೇಳುತ್ತಿದ್ದ. ಕೇಳುವವರ ಸಾರು ಆರುತ್ತಿತ್ತು.

ಆ ವರ್ಷ ಅವನು ಐದು ಪಂದ್ಯಗಳಲ್ಲಿ ಎಸೆದ. ಐದರಲ್ಲೂ ಆಶ್ರಮ ಸೋತಿತು. ಮರುದಿನ ಕೊನೆಯ ಪಂದ್ಯ.

ಅವನು ಚೆಂಡು ಹಿಡಿದು ಅಜ್ಜನ ಬಳಿ ಬಂದ.

“ಅಜ್ಜಾರ, ಇದನ್ನ ತಗೋರಿ. ಬ್ಯಾರೆಯವರು ಎಸೀಲಿ. ನಾ ಇನ್ನ ಆಡಂಗಿಲ್ಲ.”

“ನಾಳೆ ಒಂದು ದಿನಾನೋ?”

“ಎಂದೂ ಇಲ್ಲರಿ.”

ಅಜ್ಜ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಜಗತ್ತಿನಾಗ ಅತಿ ಹೆಚ್ಚು ಪಂದ್ಯ ಗೆದ್ದ ಎಸೆತಗಾರ ಎಷ್ಟು ಗೆದ್ದಾನ?”

“ಐನೂರ ಹನ್ನೊಂದು ರೀ. ನೂರು ವರ್ಷ ದಾಟಿತು. ಯಾರೂ ಮುರಿದಿಲ್ಲ.”

“ಅತಿ ಹೆಚ್ಚು ಸೋತವ?”

“ಸೋತವರ ಪುಟ ನಾ ಓದಿಲ್ಲರಿ.”

“ಓದಿ ಬಾ.”

ಅವನು ಪುಸ್ತಕದ ಕೋಣೆಗೆ ಹೋದ. ಬರುವಾಗ ನಡಿಗೆ ನಿಧಾನವಾಗಿತ್ತು.

“ಅವನ ರೀ. ಅದೇ ಮನುಷ್ಯ. ಮುನ್ನೂರರ ಮ್ಯಾಲೆ ಸೋತಾನ. ಸೋಲಿನಾಗೂ ಅವನ ಮೊದಲು.”

“ಹ್ಞೂಂ.”

“ತಿಳೀತ್ರಿ ಅಜ್ಜಾರ. ಸೋಲಿಗೆ ಅಂಜಬಾರದು.”

“ನಾ ಹಂಗ ಅಂದ್ನೇನು? ಅದು ಗ್ವಾಡಿ ಮ್ಯಾಲೆ ಬರಿಯೂ ಮಾತು. ಅಷ್ಟು ಸಲ ಸೋತವಗ ಮತ್ತ ಮತ್ತ ಚೆಂಡು ಕೊಟ್ಟವರು ಯಾರು?”

“ಪುಸ್ತಕದಾಗ ಇಲ್ಲರಿ.”

“ಇರಂಗಿಲ್ಲ.”

ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಯಾವ ಕೆಲಸ ಬಿಡುವುದಾದರೂ, ಅದನ್ನು ಕೈಗೆ ಕೊಟ್ಟವರಿಗೇ ಹಿಂತಿರುಗಿಸಿ ಬಿಡಬೇಕು. ಕಸಬರಿಗೆಯಾದರೆ ಕಸಬರಿಗೆ ಕೊಟ್ಟವನಿಗೆ. ಸೌಟಾದರೆ ಸೌಟು ಕೊಟ್ಟವನಿಗೆ.

“ಪದ್ಧತಿ ಗೊತ್ತೈತಲ್ಲ?” ಎಂದರು ಅಜ್ಜ.

“ಅದಕ್ಕ ತಮ್ಮ ಹತ್ರ ಬಂದೆ. ಇದನ್ನ ತಾವ ಕೊಟ್ಟಿದ್ರಿ.”

“ಮೊದಲನೇ ಸಲ ನಾ ಕೊಟ್ಟೆ. ಐದನೇ ಸಲ ಸೋತ ಮರುದಿನ ಯಾರು ಕೊಟ್ರು?”

ಚನ್ನವೀರ ಯೋಚಿಸಿದ. “ಬಸವಂತ ರೀ.”

“ನಾಲ್ಕನೇ ಸಲ ಸೋತಾಗ?”

“ಅವನ ರೀ.”

“ಏನರ ಅಂದನೇನು?”

“ಏನೂ ಇಲ್ಲ. ಅಂಗಿಗೆ ಒರಸಿ ಕೊಟ್ಟ.”

“ನೀ ಏನಂದಿ?”

ಚನ್ನವೀರ ಕೈಯಲ್ಲಿದ್ದ ಚೆಂಡು ನೋಡಿದ.

“ಹೋಗು. ಅವಗ ಕೊಡು.”

ಬಸವಂತ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ಎಡಗೈಯನ್ನು ನೀರಲ್ಲಿ ಅದ್ದಿದ್ದ. ಅಂಗೈ ಪೂರಿಯಂತೆ ಉಬ್ಬಿತ್ತು.

“ಇದೇನೋ ಕೈ?” ಎಂದ ಚನ್ನವೀರ.

“ನಿನ್ನ ಎಸೆತ. ಸೋತರೂ ಜೋರು ಕಡಿಮಿ ಇಲ್ಲ ನಿಂದು.”

“ಹೇಳಬಾರದಿತ್ತೇನು?”

“ಹೇಳಿದ್ರ ನೀ ಮೆತ್ತಗ ಎಸಿತಿದ್ದಿ.”

ಚನ್ನವೀರ ಚೆಂಡು ಮುಂದೆ ಮಾಡಿದ.

ಬಸವಂತ ಬಲಗೈಯಲ್ಲಿ ಚೆಂಡು ತೆಗೆದುಕೊಂಡ. ಹೊಲಿಗೆ ನೋಡಿದ. ಅಂಗಿಗೆ ಒರೆಸಿದ. ಮತ್ತೆ ಅವನ ಕೈಗೇ ಇಟ್ಟ.

“ಬೆಳಿಗ್ಗಿ ಆರಕ್ಕ ಬಾ. ನಿನ್ನ ಎಸೆತ ಬಲಕ್ಕ ಸರೀಲಿಕ್ಕ ಹತ್ತೈತಿ. ಪಂದ್ಯಕ್ಕ ಮೊದಲ ಸರಿ ಮಾಡೂಣು.”

ಚನ್ನವೀರ ಮೆಟ್ಟಿಲ ಮೇಲೆ ಮಂಡಿಯೂರಿದ. ಆ ಬಾತ ಕೈಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ.

“ಏ ಹುಚ್ಚ, ಉರೀತೈತಿ, ಬಿಡು,” ಎಂದ ಬಸವಂತ.

ಆದರೆ ಕೈ ಎಳೆದುಕೊಳ್ಳಲಿಲ್ಲ.

ಚನ್ನವೀರ ಅಜ್ಜನ ಬಳಿ ಮರಳಿದಾಗ ಮುಖ ಒದ್ದೆಯಾಗಿತ್ತು. ಹೊಳೆಯ ನೀರೋ ಏನೋ, ಅಜ್ಜ ಕೇಳಲಿಲ್ಲ.

“ಕೊಟ್ಟಿಯೇನು?”

“ಕೊಟ್ಟೆ ರೀ. ತಿರುಗಿ ಕೊಟ್ಟ.”

“ಹ್ಞೂಂ.”

ಚನ್ನವೀರ ಕೂತು ಒಂದು ಅವರೆಕಾಯಿ ಸುಲಿದ.

“ಅಜ್ಜಾರ, ನಾಳೇನೂ ಸೋತರ ಏನ್ ಮಾಡ್ಲಿ?”

“ಮತ್ತ ಕೈ ಒಡ್ಡು.”