ದೊರೆಯ ಉಪ್ಪಿನಕಾಯಿ ತಿಂದವರ ಹಿಂದೆ ಬಿದ್ದ ಗುರುತು

ಒಂದಾನೊಂದು ಊರಿನಲ್ಲಿ, ಅಂದರೆ ನಮ್ಮೂರಿನಿಂದ ಮೂರು ಕೂಗಳತೆ ಆಚೆ, ನಾಲ್ಕನೇ ಕೂಗು ಯಾರಿಗೂ ಕೇಳಿಸದ ಜಾಗದಲ್ಲಿ, ತೊಗರೀಪುರ ಅಂತ ಒಂದು ರಾಜ್ಯ ಇತ್ತು. ಈ ಕತೆಯನ್ನು ಬೇರೆಯವರೂ ಹೇಳುತ್ತಾರೆ. ಅವರ ಬಾಯಲ್ಲಿ ಕೇಳಬೇಡಿ, ಅರ್ಧಕ್ಕೇ ಆಕಳಿಸುತ್ತಾರೆ. ನಾನು ಹೇಳೋಕೆ ಶುರು ಮಾಡಿದರೆ ಒಲೆಯ ಕೊಳ್ಳಿ ಕೂಡ ಉರಿಯೋದು ಬಿಟ್ಟು ಕಿವಿಗೊಡುತ್ತೆ.

ತೊಗರೀಪುರದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಗುರುತು ಇತ್ತು. ಗುರುತು ಅಂದರೆ ಮಚ್ಚೆ ಅಲ್ಲ, ಹಚ್ಚೆ ಅಲ್ಲ. ಬೆಕ್ಕಿನಷ್ಟು ಗಾತ್ರ, ಎರಡು ಕಾಲು, ತಮಟೆಯಂಥ ಬಾಯಿ. ತನ್ನ ಮನುಷ್ಯನಿಗಿಂತ ಒಂದು ಮಾರು ಮುಂದೆ ನಡೆಯೋದು, ಅವನು ಎಂಥವನು ಅಂತ ಕೂಗೋದು, ಇಷ್ಟೇ ಅದರ ಕೆಲಸ. "ಮೂರು ಎಮ್ಮೆ ಕಟ್ಟಿದಾ..." ಅಂತ ಕೂಗು ಬಂತು ಅಂದರೆ ಹಿಂದೆ ಕೆಂಚಕ್ಕ ಬಂದಳು. "ಊಟದ ಹೊತ್ತಿಗೇ ಬರುವಾ..." ಅಂತ ಕೂಗು ಬಂತು ಅಂದರೆ ಜನ ತಟ್ಟೆ ಮುಚ್ಚಿಟ್ಟರು, ಆಮೇಲೆ ಶಾನುಭೋಗರು ಬಂದರು. ಹತ್ತು ಜನ ಒಟ್ಟಿಗೆ ಹೊರಟರೆ ಹತ್ತು ಗುರುತು ಮುಂದೆ. ಗಲಾಟೆ ಇತ್ತು, ಗೊಂದಲ ಇರಲಿಲ್ಲ.

ಆ ರಾಜ್ಯಕ್ಕೆ ಜಂಪಣ್ಣ ನಾಯಕ ಅಂತ ದೊರೆ. ಮೀಸೆ ಅಂದರೆ ಮೀಸೆ! ಎರಡು ತುದಿಯಲ್ಲಿ ಎರಡು ಗಿಳಿ ಕೂರಬಹುದಿತ್ತು. ಕೂರುತ್ತಲೂ ಇದ್ದವು. ಆದರೆ ಏನು ಮಾಡೋದು, ಅವನ ಗುರುತು ಮುಂದೆ ಮುಂದೆ ಹೋಗಿ ಕೂಗುತ್ತಿದ್ದುದು ಒಂದೇ ಮಾತು: "ಹಲ್ಲಿಗೆ ಹೆದರುವಾ..." ಜನ ಮೊದಲು ನಗೋರು. ದೊರೆ ಎದುರಿಗೆ ಬರೋ ಹೊತ್ತಿಗೆ ಆ ನಗು ನುಂಗೋಕೆ ಹೋಗಿ ಕೆಮ್ಮೋರು. ನಲವತ್ತು ವರ್ಷ ದೊರೆ ಹೋದ ಕಡೆಯೆಲ್ಲ ಕೆಮ್ಮೇ ಕೆಮ್ಮು.

ಒಂದು ದಿನ ಇಂಗ್ಲಿಷ್ ಸೀಮೆಯಿಂದ ನಾಲ್ಕು ಜನ ಟೋಪಿಯವರು ಬಂದರು. ಮುಂದೆ ಕೂಗಿಲ್ಲ, ಏನಿಲ್ಲ. ಮೊದಲು ನಾಲ್ಕು ಟೋಪಿ, ನಾಲ್ಕು ಮೂಗು. ಯಾರೋ ದೊಡ್ಡವರು ಅಂತ ಜನ ಎದ್ದು ಕೈ ಮುಗಿದರು. ಕೈ ಮುಗಿದಾದ ಮೇಲೆ ಹಿಂದಿನಿಂದ ಒಂದೇ ಒಂದು ಗುರುತು ಬಾಲದ ಹಾಗೆ ತೆವಳಿಕೊಂಡು ಬಂದು, "ದಾರಿ ತಪ್ಪಿದಾ..." ಅಂತ ಮೆಲ್ಲಗೆ ಅಂದಿತು.

"ಇದೇನ್ರಪ್ಪಾ," ಅಂದ ದೊರೆ. "ನಾಲ್ಕು ಜನಕ್ಕೆ ಒಂದೇ ಗುರುತು? ಅದೂ ಹಿಂದೆ?"

"ನಮ್ಮ ಸೀಮೆಯಲ್ಲಿ ಹಾಗೇ, ದೊರೆಗಳೇ. ಮೊದಲು ಜನ. ಎಂಥ ಜನ ಅನ್ನೋದು ಆಮೇಲೆ. ಒಬ್ಬನಿದ್ದರೂ ಒಂದು ಬಾಲ, ನೂರು ಜನ ಇದ್ದರೂ ಒಂದೇ ಬಾಲ."

"ನಿಮ್ಮ ನಾಲ್ವರಲ್ಲಿ ದಾರಿ ತಪ್ಪಿದ್ದು ಯಾರು?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಗೊತ್ತಾಗೋದೇ ಇಲ್ಲ ದೊರೆಗಳೇ. ಅದೇ ಇದರ ಸುಖ," ಅಂದ ದೊಡ್ಡ ಟೋಪಿಯವನು.

ದೊರೆಯ ಮೀಸೆ ನಿಮಿರಿತು. ಗಿಳಿಗಳು ಕೆಳಗೆ ಬಿದ್ದವು. ಮಧ್ಯಾಹ್ನಕ್ಕೇ ಡಂಗುರ: "ಇವತ್ತಿನಿಂದ ಗುರುತು ಹಿಂದೆ! ಗುಂಪಿಗೆ ಒಂದೇ ಗುರುತು! ಮಿಕ್ಕಿದ್ದೆಲ್ಲ ದೊಡ್ಡಿಗೆ!"

ದೊಡ್ಡಿ ಅಂದರೆ ಪೈರು ಮೇದ ದನಗಳನ್ನ ಕೂಡಿಹಾಕೋ ಜಾಗ. ಅಲ್ಲಿ ಗುರುತುಗಳು ತುಂಬಿದವು. ದನಗಳು ಎಲ್ಲಿಗೆ ಹೋಗಬೇಕು? ಆಸ್ಥಾನಕ್ಕೆ ಹೋದವು. ಆಸ್ಥಾನದವರು ಎಲ್ಲಿಗೆ ಹೋಗಬೇಕು? ಮರ ಹತ್ತಿದರು. ದೊರೆಗೆ ಅದೆಲ್ಲ ಲೆಕ್ಕಕ್ಕಿಲ್ಲ. ಅವನ ಗುರುತು "ಹಲ್ಲಿಗೆ ಹೆದರುವಾ..." ಅನ್ನೋ ಹೊತ್ತಿಗೆ ಅವನು ಮುಂದಿನ ಬೀದಿಯಲ್ಲಿರುತ್ತಿದ್ದ. ಕೆಮ್ಮು ನಿಂತಿತು.

ಹೀಗಿರುವಾಗ ಅರಮನೆಯ ಉಪ್ಪಿನಕಾಯಿ ಭರಣಿ ಖಾಲಿಯಾಯಿತು.

ತಿಂದವಳು ಪಾಲಕ್ಕ. ನಿಮಗೆ ಹೇಳೋಕೇನು, ನೀವೇನು ಊರು ಕಾಯೋ ತಳವಾರನಿಗೆ ಹೇಳಲ್ಲ. ತುಂಬಿದ ಬಸುರಿ. ಸೊಪ್ಪು ಕೊಡೋಕೆ ಅರಮನೆಗೆ ಹೋದಳು. ಭರಣಿ ತೆರೆದಿತ್ತು. ಒಂದೇ ಹೋಳು ಅಂತ ಕೈ ಹಾಕಿದಳು, ಭರಣಿಯ ತಳ ಬೆರಳಿಗೆ ತಾಗಿತು.

ಮಾರನೇ ಬೆಳಿಗ್ಗೆ ಹನ್ನೊಂದು ಜನ ಹೆಂಗಸರು ಸೊಪ್ಪು ಕೀಳೋಕೆ ಹೊರಟರು. ಪಾಲಕ್ಕನೂ ಇದ್ದಳು. ತಳವಾರನಿಗೆ ಎಣಿಕೆ ಬರೋದಿಲ್ಲ. ಒಂದು ಬಿಟ್ಟು ಹತ್ತನ್ನ ಕೂಡಿಹಾಕೋ ಬದಲು ಹನ್ನೊಂದೂ ಗುರುತನ್ನ ದೊಡ್ಡಿಗೆ ಹಾಕಿಬಿಟ್ಟಿದ್ದ. ಆದರೂ ಆ ಗುಂಪಿನ ಹಿಂದೆ ಒಂದು ಗುರುತು ಬರುತ್ತಿತ್ತು. ಚಿಕ್ಕದು, ಇಲಿಮರಿಯಷ್ಟು, ಕೀರಲು ಧ್ವನಿ. ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಯಾಕೆಂದರೆ ಅದು ಕೂಗುತ್ತಿದ್ದುದು ಇದು: "ದೊರೆಯ ಉಪ್ಪಿನಕಾಯಿ ತಿಂದಾ..."

ಹನ್ನೊಂದೂ ಜನರನ್ನ ಹಿಡಿದು ತಂದರು. ದೊರೆ ಎರಡು ಹೋರಿಗಳ ನಡುವೆ ಸಿಂಹಾಸನದಲ್ಲಿ ಕೂತಿದ್ದ.

"ತಿಂದೋರು ಯಾರೇ?"

ಪಾಲಕ್ಕ ಬಾಯಿ ತೆರೆದಳು. ಕೆಂಚಕ್ಕ ಅವಳ ಕಾಲು ತುಳಿದಳು. "ನಾವು, ಬುದ್ಧಿ."

"ನಾವು ಅಂದ್ರೆ?"

"ಗುರುತು ಯಾರ ಹಿಂದಿದೆಯೋ ಅವರು."

"ಒಂದು ಭರಣೀನ ಹನ್ನೊಂದು ಜನ ತಿಂದ್ರಾ?"

"ಹನ್ನೊಂದು ಜನಕ್ಕೆ ಒಂದೇ ಗುರುತು ಸಾಕು ಅಂದೋರು ನೀವೇ ಅಲ್ವಾ, ಬುದ್ಧಿ?"

ದೊರೆಗೆ ಸಿಟ್ಟು ಬಂತು. "ಹನ್ನೊಂದೂ ಜನ ಗಡೀಪಾರು! ಹೊತ್ತು ಗುಡ್ಡ ಮುಟ್ಟೋದರೊಳಗೆ ಗಡಿಕಲ್ಲು ದಾಟಬೇಕು!"

ದಾರಿಯಲ್ಲಿ ಪಾಲಕ್ಕ ಅತ್ತಳು. "ಅಕ್ಕಾ, ನಿಜ ಹೇಳಿ ನಾನೊಬ್ಬಳೇ ಹೋಗ್ತೀನಿ ಕಣೇ. ನಿಮಗೆಲ್ಲ ಮನೆ, ಮಕ್ಕಳು..."

"ಬಾಯಿ ಮುಚ್ಕೊಂಡು ನಡಿಯೇ," ಅಂದಳು ಕೆಂಚಕ್ಕ. "ಒಬ್ಬಳೇ ಹೋಗಿ ಎಲ್ಲಿ ಹೆರ್ತೀಯ, ಬೇಲಿ ಮೇಲಾ?"

ಗಂಡಂದಿರು ಬುತ್ತಿ ಕೊಡೋಕೆ ಓಡಿ ಬಂದರು. ಬಂದವರು ಗುಂಪಿಗೆ ಸೇರಿದರು, ಗುರುತು ಅವರ ಹಿಂದೆಯೂ ಬಿತ್ತು. ಅವರೂ ಗಡೀಪಾರು. ಹುಡುಕಿಕೊಂಡು ಎಮ್ಮೆಗಳು ಬಂದವು. ಅವೂ ಗಡೀಪಾರು. ನೀರು ಸೇದೋರಿಲ್ಲದೆ ಬೇಜಾರಾಗಿ ಊರ ಬಾವಿಯೂ ಎದ್ದು ಹೊರಟಿತು, ತುಳುಕದ ಹಾಗೆ ನಿಧಾನಕ್ಕೆ. ತಡೆಯೋಕೆ ಹೋದ ತಳವಾರನೂ ಗುಂಪಿನೊಳಗಾದ. ಕೊನೆಗೆ ದೊರೆಯೇ ಓಡಿ ಬಂದ.

"ಎಲ್ಲಾ ಹೋದ್ರೆ ನಾನು ಯಾರಿಗೆ ದೊರೆ? ನಿಲ್ಲಿ, ಎಣಿಸ್ತೀನಿ!"

ಎಣಿಸೋಕೆ ಗುಂಪಿನ ಒಳಗೆ ಬಂದ. ಬೆನ್ನ ಹಿಂದೆ ಕೀರಲು ಧ್ವನಿ: "ದೊರೆಯ ಉಪ್ಪಿನಕಾಯಿ ತಿಂದಾ..."

"ಏಯ್! ನಾನು ದೊರೆ!"

ಗುಂಪಿನಲ್ಲಿದ್ದ ಸೂಲಗಿತ್ತಿ ಬೋರಜ್ಜಿ ಕೇಳಿದಳು, "ದೊರೆಯ ಉಪ್ಪಿನಕಾಯಿ ನೀವು ಯಾವತ್ತೂ ತಿಂದಿಲ್ವಾ, ಬುದ್ಧಿ?"

ದೊರೆ ಯೋಚಿಸಿದ. ನಲವತ್ತು ವರ್ಷ. ದಿನಕ್ಕೆರಡು ಹೊತ್ತು. "ತಿಂದಿದ್ದೀನಿ," ಅಂದ.

"ಹಾಗಾದ್ರೆ ನಡೀರಿ."

ದೊರೆ ನಡೆದ. ಆಜ್ಞೆ ಅಂದರೆ ಆಜ್ಞೆ.

ಗಡಿಕಲ್ಲಿನ ಹತ್ತಿರ ಪಾಲಕ್ಕನಿಗೆ ನೋವು ಶುರುವಾಯಿತು. ಹೆಂಗಸರು ಸೀರೆ ಹಿಡಿದು ಮರೆ ಕಟ್ಟಿದರು. ಬಾವಿ ಬಿಸಿನೀರು ಕೊಟ್ಟಿತು. ಹೊತ್ತು ಜಾರಿತು. ಮಗು ಬರಲಿಲ್ಲ. ಪಾಲಕ್ಕನ ಕೂಗು ಸಣ್ಣದಾಗುತ್ತಾ ಬಂತು. ಬೋರಜ್ಜಿ ಮರೆಯಿಂದ ಆಚೆ ಬಂದಳು.

"ನೂರು ಹೆರಿಗೆ ಮಾಡಿಸಿದೀನಿ, ಬುದ್ಧಿ. ಈ ಸೀಮೇಲಿ ಮೊದಲು ಗುರುತು ಬಂದು ಕೂಗುತ್ತೆ, ಅದರ ಹಿಂದೆ ಮಗು ಬರುತ್ತೆ. ನೀವು ಗುರುತು ಹಿಂದೆ ಅಂದ್ರಿ. ಇದರದ್ದು ಎಲ್ಲೋ ಹಿಂದೆ ಸಿಕ್ಕೊಂಡಿದೆ. ಮಗು ಒಳಗೇ ಕಾಯ್ತಾ ಕೂತಿದೆ. ಅದು ಬರೋ ತನಕ ತಾಯಿ ತಾಳಲ್ಲ."

ದೊರೆಯ ಮೀಸೆ ಜೋತುಬಿತ್ತು. "ಆಜ್ಞೆ ವಾಪಸ್ ತಗೊಂಡ್ರೆ ನನ್ನದೂ ಮುಂದೆ ಬರುತ್ತಲ್ಲ, ಅಜ್ಜಿ," ಅಂದ ಮೆಲ್ಲಗೆ. "ನಲವತ್ತು ವರ್ಷ ಕೆಮ್ಮು ಕೇಳಿದೀನಿ."

ಮರೆಯ ಆಚೆಯಿಂದ ಪಾಲಕ್ಕನ ಧ್ವನಿ ಬಂತು, ತುಂಡು ತುಂಡಾಗಿ. "ಬುದ್ಧೀ... ನಮ್ಮ ಉಪ್ಪಿನಕಾಯೀನ ಹೊತ್ಕೊಂಡು ನೀವು ಇಲ್ಲೀ ತನಕ ನಡೆದ್ರಿ. ನಿಮ್ಮ ಹಲ್ಲೀನ... ನಾವು ಹೊರ್ತೀವಿ."

ದೊರೆ ಕಣ್ಣೊರೆಸಿಕೊಂಡ. ಗಿಳಿಗಳೂ ಒರೆಸಿಕೊಂಡವು. ಆಮೇಲೆ ಗುಡ್ಡ ಮಾರುತ್ತರ ಕೊಡೋ ಹಾಗೆ ಕೂಗಿದ: "ಗುರುತು ಮುಂದೆ!"

ಗುಂಪಿನ ಹಿಂದಿದ್ದ ಆ ಇಲಿಮರಿಯಂಥ ಗುರುತು ಎಲ್ಲರ ಕಾಲಡಿ ನುಗ್ಗಿ ಓಡಿತು. ಸೀರೆಯ ಮರೆ ತೂರಿ ಪಾಲಕ್ಕನ ಮುಂದೆ ನಿಂತಿತು. ಎದೆಯುಬ್ಬಿಸಿ ಕೂಗಿತು: "ದೊರೆಯ ಉಪ್ಪಿನಕಾಯಿ ತಿಂದಾ..."

ಅದರ ಹಿಂದೆಯೇ ಮಗು ಬಂತು. ಹೆಣ್ಣು. ಹುಟ್ಟುತ್ತಲೇ ನಾಲಿಗೆ ಚಪ್ಪರಿಸಿತು.

"ಕಳ್ಳಿ ಸಿಕ್ಕಿದಳು!" ಅಂದ ತಳವಾರ. "ಗಡೀಪಾರು ಮಾಡಲಾ, ಬುದ್ಧಿ?"

"ಮಂಕೇ," ಅಂದ ದೊರೆ ಮಗುವನ್ನ ಎತ್ತಿಕೊಂಡು. "ಈಗ ತಾನೇ ಗಡಿ ದಾಟಿ ಒಳಗೆ ಬಂದಿದಾಳೆ, ಕಾಣಲ್ವಾ?"

ಎಲ್ಲರೂ ಊರಿಗೆ ತಿರುಗಿದರು. ದೊಡ್ಡಿಯ ಗುರುತುಗಳು ಓಡಿ ಬಂದು ಅವರವರ ಮುಂದೆ ನಿಂತವು. ದೊರೆಯದು ಎಲ್ಲಕ್ಕಿಂತ ಮುಂದೆ: "ಹಲ್ಲಿಗೆ ಹೆದರುವಾ..." ಒಬ್ಬರೂ ಕೆಮ್ಮಲಿಲ್ಲ. "ನಾವೂ!" ಅಂದರು ಹನ್ನೊಂದು ಜನ ಹೆಂಗಸರು. "ನಾವೂ!" ಅಂದರು ಗಂಡಂದಿರು. ಎಮ್ಮೆಗಳೂ ಅಂದವು. ಹಲ್ಲಿ ಅಂದರೇನು ಅಂತಲೇ ಗೊತ್ತಿಲ್ಲದ ಬಾವಿಯೂ ಗುಳುಗುಳು ಅಂದಿತು.

ನೀತಿ ಏನು ಅಂತೀರಾ? ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿ ಮಾಡಬೇಡಿ. ಯಾರು ಯಾರು ಬರೋರಿದ್ದಾರೋ. ಅವರು ಅಲ್ಲಿ ಹುಳಿ ಚಪ್ಪರಿಸಿದರು, ನಾವು ಇಲ್ಲಿ ಬಾಯಲ್ಲಿ ನೀರು ಸುರಿಸಿದೆವು. ಸುಳ್ಳು ಅನ್ನೋರಿದ್ದರೆ ಹೋಗಿ ಆ ಬಾವಿಯನ್ನೇ ಕೇಳಿ. ಮನೆಯಲ್ಲಿದ್ದರೆ ಹೇಳುತ್ತೆ.